ಲಾರಿಗೂ ಕಾರಿಗೂ ಒಂದೇ ಓರೆ ಸಾಕೇ?

ಪ್ರಶ್ನೆ: ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಎತ್ತರಿಸಿರುತ್ತಾರೆ. ತುಂಬಿದ ಲಾರಿಗೆ ಕಾರಿಗಿಂತ ಹೆಚ್ಚು ಓರೆ ಬೇಡವೇ? ಬೇಡವೆಂದಾದರೆ ಲಾರಿಗಳೇ ಏಕೆ ಪಲ್ಟಿಯಾಗುತ್ತವೆ?

ಉತ್ತರ: ಬೇಡ. ಗಾಡಿಯನ್ನು ತಿರುವಿನ ಒಳಕ್ಕೆ ತಿರುಗಿಸಲು ಬೇಕಾದ ಬಲ ತೂಕದೊಂದಿಗೆ ಹೆಚ್ಚುತ್ತದೆ, ನಿಜ. ಆದರೆ ರಸ್ತೆ ಆ ಗಾಡಿಯನ್ನು ಎತ್ತಿಹಿಡಿಯುವ ಬಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ರಸ್ತೆ ಓರೆಯಾಗಿದ್ದರೆ ಈ ಬಲದ ಒಂದು ಪಾಲು ಒಳಮುಖವಾಗಿರುತ್ತದೆ. ಲೆಕ್ಕದಲ್ಲಿ ದ್ರವ್ಯರಾಶಿ ಹೊಡೆದುಹೋಗಿ ಉಳಿಯುವುದು ಇಷ್ಟೇ: ಓರೆ ಕೋನದ ಟ್ಯಾನ್ = ವೇಗದ ವರ್ಗ ÷ (ತ್ರಿಜ್ಯ × 9.8). ಇಲ್ಲಿ 9.8 ಎಂದರೆ ಗುರುತ್ವ ವೇಗೋತ್ಕರ್ಷ.

200 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗ ಎಂದಿಟ್ಟುಕೊಳ್ಳಿ. 400 ÷ 1960 = 0.204, ಕೋನ ಸುಮಾರು 11.5 ಡಿಗ್ರಿ. ಇಷ್ಟು ಓರೆ ಇದ್ದರೆ ಟೈರಿನ ಹಿಡಿತವೇ ಇಲ್ಲದಿದ್ದರೂ ಗಾಡಿ ತಿರುಗುತ್ತದೆ. ಆದರೂ ಹೆದ್ದಾರಿಯಲ್ಲಿ ಹೀಗೆ ಮಾಡುವುದಿಲ್ಲ. ಅದೇ ಓರೆಯಲ್ಲಿ ನಿಧಾನವಾಗಿ ಬಂದ ಅಥವಾ ನಿಂತುಬಿಟ್ಟ ಗಾಡಿ, ರಸ್ತೆ ಜಾರುತ್ತಿದ್ದರೆ ಒಳಕ್ಕೆ ಜರುಗುತ್ತದೆ. ಹಾಗಾಗಿ ಓರೆಯನ್ನು ಸುಮಾರು 7 ಶೇಕಡಾದಂಥ ಮಿತಿಯಲ್ಲಿ ಇಡುತ್ತಾರೆ. 7 ಮೀಟರ್ ಅಗಲದ ರಸ್ತೆಯಲ್ಲಿ ಹೊರ ಅಂಚು ಅರ್ಧ ಮೀಟರ್ ಎತ್ತರ ಅಷ್ಟೇ. ಉಳಿದದ್ದು ಟೈರಿನ ಕೆಲಸ.

ಎಷ್ಟು ಉಳಿಯಿತು? 0.204ರಲ್ಲಿ 0.07 ಕಳೆದರೆ 0.13, ಅಂದರೆ ಗಾಡಿಯ ತೂಕದ ಸುಮಾರು 13 ಶೇಕಡಾದಷ್ಟು ಅಡ್ಡ ಬಲ. ಒಣ ರಸ್ತೆಯಲ್ಲಿ ಟೈರು 0.7ರವರೆಗೂ ಕೊಡಬಲ್ಲದು, ಇದು ಅದಕ್ಕೆ ಲೆಕ್ಕಕ್ಕಿಲ್ಲ. ಅದೇ ತಿರುವಿಗೆ 100 ಕಿ.ಮೀ. ವೇಗದಲ್ಲಿ ನುಗ್ಗಿದರೆ ಟೈರಿನ ಪಾಲು 0.32ಕ್ಕೆ ಏರುತ್ತದೆ. ವೇಗ 1.4 ಪಟ್ಟಾದರೆ ಟೈರಿನ ಹೊರೆ 2.4 ಪಟ್ಟು! ಒದ್ದೆ ರಸ್ತೆಯಲ್ಲಿ ಹಿಡಿತ 0.4 ಎಂದುಕೊಂಡರೆ, ತಿರುವಿನ ಮಧ್ಯೆ ಬ್ರೇಕಿಗೆ ಉಳಿಯುವುದು 0.24 ಮಾತ್ರ. ಉದ್ದಕ್ಕೂ ಅಡ್ಡಕ್ಕೂ ಬೇಕಾದ ಹಿಡಿತ ಲಂಬಕೋನ ತ್ರಿಭುಜದ ಬದಿಗಳಂತೆ ಕೂಡುತ್ತದೆ, ಆದ್ದರಿಂದ ಅದು 0.08 ಅಲ್ಲ. ಅದಕ್ಕಿಂತ ಜೋರಾಗಿ ಬ್ರೇಕ್ ತುಳಿದರೆ ಗಾಡಿ ಜಾರುತ್ತದೆ. ವೇಗ ಇಳಿಸುವುದಾದರೆ ತಿರುವಿಗೆ ಮೊದಲೇ, ಗಾಡಿ ನೇರವಾಗಿರುವಾಗಲೇ ಇಳಿಸಿ.

ಇನ್ನು ಪಲ್ಟಿ. ಇಲ್ಲಿ ತೂಕವಲ್ಲ, ಎತ್ತರ ಮುಖ್ಯ. ಎರಡು ಬದಿಯ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಮಟ್ಟಸ ರಸ್ತೆಯಲ್ಲಿ ಅಡ್ಡ ಬಲ ತೂಕದ ಇಷ್ಟು ಪಟ್ಟನ್ನು ದಾಟಿದರೆ ಗಾಡಿ ಉರುಳುತ್ತದೆ. ಕಾರಿಗೆ 0.75 ÷ 0.55, ಅಂದರೆ 1.36. ಟೈರಿನ ಹಿಡಿತ ಅಷ್ಟಿರುವುದಿಲ್ಲ, ಹಾಗಾಗಿ ಕಾರು ಉರುಳುವ ಮೊದಲು ಜಾರುತ್ತದೆ. ಹೇರು ತುಂಬಿದ ಲಾರಿಗೆ 1 ÷ 2, ಅಂದರೆ 0.5. ಒಣ ರಸ್ತೆಯಲ್ಲಿ ಅದು ಜಾರುವ ಮೊದಲೇ ಉರುಳುತ್ತದೆ. 50 ಮೀಟರ್ ತ್ರಿಜ್ಯದ ಮಟ್ಟಸ ತಿರುವಿನಲ್ಲಿ ಅದರ ಮಿತಿ 56 ಕಿ.ಮೀ.; 7 ಶೇಕಡಾ ಓರೆ ಕೊಟ್ಟರೆ 61. ಹೇರನ್ನು ಮೇಲಕ್ಕೆ ಪೇರಿಸಿ ಗುರುತ್ವ ಕೇಂದ್ರ 2.5 ಮೀಟರಿಗೆ ಏರಿದರೆ ಓರೆ ಇದ್ದೂ 55. ರಸ್ತೆ ಕಟ್ಟಿದವರು ಕೊಟ್ಟದ್ದನ್ನೆಲ್ಲ ಹೇರು ತುಂಬಿದವರು ಕಿತ್ತುಕೊಂಡಂತಾಯಿತು. ಇವು ಕಾಗದದ ಮೇಲಿನ ಅಂಕಿಗಳು: ಸ್ಪ್ರಿಂಗುಗಳು ಬಾಗಿ, ಹೇರು ಹೊರಕ್ಕೆ ವಾಲಿ, ನಿಜವಾದ ಲಾರಿ ಇನ್ನೂ ಮೊದಲೇ ಮಗುಚುತ್ತದೆ. ಅರ್ಧ ತುಂಬಿದ ಟ್ಯಾಂಕರಿನಲ್ಲಿ ದ್ರವವೇ ಹೊರಬದಿಗೆ ಅಪ್ಪಳಿಸುವುದರಿಂದ ಅದರ ಪಾಡು ಇನ್ನೂ ಕಷ್ಟ.

ಪ್ರಶ್ನೆ: ಇಳಿಜಾರಿನ ಲೆಕ್ಕದಲ್ಲಿ ಲಂಬ ಪ್ರತಿಕ್ರಿಯಾ ಬಲ (ಮೇಲ್ಮೈ ತನಗೆ ಲಂಬವಾಗಿ ವಸ್ತುವನ್ನು ತಳ್ಳುವ ಬಲ) ಎಂದರೆ ತೂಕ × ಕಾಸ್. ಓರೆ ತಿರುವಿಗೂ ಹಾಗೇ ಹಾಕಿದರೆ ಉತ್ತರ ತಪ್ಪುತ್ತದೆ. ಏಕೆ?

ಉತ್ತರ: ಪರೀಕ್ಷೆಯಲ್ಲಿ ತುಂಬ ಜನ ಎಡವುವ ಜಾಗ ಇದು. ಇಳಿಜಾರಿನಲ್ಲಿ ಜಾರುವ ಪೆಟ್ಟಿಗೆಗೆ ವೇಗೋತ್ಕರ್ಷ ಇರುವುದು ಇಳಿಜಾರಿನ ಗುಂಟ. ತಿರುಗುವ ಗಾಡಿಗೆ ಅದು ಅಡ್ಡವಾಗಿ, ತಿರುವಿನ ಕೇಂದ್ರದ ಕಡೆಗೆ ಇರುತ್ತದೆ. ಮೇಲೆ ಕೆಳಗೆ ಚಲನೆ ಇಲ್ಲವಾದ್ದರಿಂದ ಮೊದಲು ನೇರ ಮೇಲೆ ಕೆಳಗಿನ ದಿಕ್ಕಿನ ಬಲಗಳನ್ನು ಸರಿತೂಗಿಸಿ. ಘರ್ಷಣೆ ಇಲ್ಲದಿದ್ದರೆ ಪ್ರತಿಕ್ರಿಯಾ ಬಲ = ತೂಕ ÷ ಕಾಸ್. ಮೇಲಿನ 11.5 ಡಿಗ್ರಿಯಲ್ಲಿ ಅದು ತೂಕಕ್ಕಿಂತ 2 ಶೇಕಡಾ ಹೆಚ್ಚು, ಕಡಿಮೆಯಲ್ಲ.