ಪ್ರತಿ: ಬಿಗ್ ಬ್ಯಾಂಗ್‌ಗೂ ಮುಂಚೆ ಏನಿತ್ತು?

"ಬಿಗ್ ಬ್ಯಾಂಗ್‌ಗೂ ಮುಂಚೆ ಏನಿತ್ತು ಅಂತ ವಿಜ್ಞಾನಕ್ಕೆ ಗೊತ್ತಿಲ್ಲ, ಹಾಗಾದ್ರೆ ದೇವರೇ ಮಾಡಿದ್ದು ಅಂತ ಒಪ್ಪಬೇಕಲ್ವಾ" ಅಂತ ಕೇಳಿದ್ದೀರಿ. (ಬಿಗ್ ಬ್ಯಾಂಗ್ ಅಂದರೆ ವಿಪರೀತ ಬಿಸಿಯಾಗಿ, ಒತ್ತೊತ್ತಾಗಿದ್ದ ವಿಶ್ವ ಹಿಗ್ಗಲು ಶುರುವಾದ ಘಟ್ಟ.) ನನಗೆ ಹಾಗನ್ನಿಸುವುದಿಲ್ಲ. ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅಷ್ಟೇ, ಅದು ಯಾವ ಕಡೆಗೂ ಸಾಕ್ಷಿಯಾಗುವುದಿಲ್ಲ.

ಮೊದಲು ಗೊತ್ತಿರುವುದನ್ನು ನೋಡಿ. 1964ರಲ್ಲಿ ಪೆನ್ಜಿಯಾಸ್, ವಿಲ್ಸನ್ ಅನ್ನುವ ಇಬ್ಬರು ಅಮೆರಿಕದ ವಿಜ್ಞಾನಿಗಳಿಗೆ ತಮ್ಮ ರೇಡಿಯೊ ಆಂಟೆನಾದಲ್ಲಿ ಒಂದೇ ಸಮನೆ ಸಣ್ಣ ಸದ್ದು ಸಿಕ್ಕಿತು. ಯಾವ ದಿಕ್ಕಿಗೆ ತಿರುಗಿಸಿದರೂ ಅದೇ. ಒಳಗೆ ಸೇರಿಕೊಂಡಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆಯನ್ನೆಲ್ಲ ಉಜ್ಜಿ ತೆಗೆದರೂ ಹೋಗಲಿಲ್ಲ. ಅದು ವಿಶ್ವದ ಶುರುವಿನ ಕಾಲದಲ್ಲಿ ಹೊರಟು ಈಗ ರೇಡಿಯೊ ಅಲೆಯಾಗಿ ಸಿಗುತ್ತಿರುವ, ಸುಮಾರು 1,380 ಕೋಟಿ ವರ್ಷ ಹಳೆಯ ಬೆಳಕಿನ ಉಳಿಕೆ! ವಿಶ್ವ ಒಮ್ಮೆ ವಿಪರೀತ ಬಿಸಿಯಾಗಿ, ಒತ್ತೊತ್ತಾಗಿ ಇತ್ತು ಅನ್ನುವುದಕ್ಕೆ ಅಷ್ಟು ಗಟ್ಟಿ ಪುರಾವೆ ಇದೆ. ಅದರ ಶುರುವಿಗೆ ತೀರಾ ಹತ್ತಿರ ಹೋದರೆ ಭೌತವಿಜ್ಞಾನದ ಈಗಿನ ಲೆಕ್ಕ ಓಡುವುದಿಲ್ಲ, ಗೊತ್ತಿಲ್ಲದ್ದು ಅಲ್ಲಿಂದಾಚೆಗಿನದು.

ಹಾಗಂತ ನಂಬುವವರನ್ನೆಲ್ಲ ಸುಮ್ನೆ ದಡ್ಡರು ಅನ್ನುವುದೂ ತಪ್ಪು. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದ ಬೆಲ್ಜಿಯಂನ ವಿಜ್ಞಾನಿ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಇದೇ ವಿಜ್ಞಾನವನ್ನು ಸೃಷ್ಟಿಗೆ ಸಾಕ್ಷಿ ಅನ್ನುವಂತೆ ಮಾತಾಡಿದಾಗ ಲೆಮೈತ್ರ್ ಅವರಿಗೆ ಅದು ಹಿಡಿಸಲಿಲ್ಲ. ವಿಜ್ಞಾನ, ನಂಬಿಕೆ ಎರಡನ್ನೂ ಬೆರೆಸಬಾರದು ಅನ್ನುವುದು ಅವರ ನಿಲುವು.

ನೀವು ನಂಬಿ, ನನ್ನ ತಕರಾರಿಲ್ಲ. ಆದರೆ ವಿಜ್ಞಾನ ಖಾಲಿ ಬಿಟ್ಟ ಜಾಗದಲ್ಲಿ ದೇವರನ್ನು ಕೂರಿಸಿದರೆ, ನಾಳೆ ಆ ಜಾಗ ತುಂಬಿದಾಗ ಏನು ಮಾಡುತ್ತೀರಿ?