‘ಲಾರೆನ್ಸ್ ಆಫ್ ಅರೇಬಿಯಾ’ ಅಷ್ಟು ನಿಧಾನವೇಕೆ?

ಮೊದಲ ಮಹಾಯುದ್ಧದಲ್ಲಿ ತುರ್ಕರ ವಿರುದ್ಧ ದಂಗೆಯೆದ್ದ ಅರಬ್ಬರ ಜೊತೆಗೂಡಿದ ಬ್ರಿಟಿಷ್ ಸೇನಾಧಿಕಾರಿ ಲಾರೆನ್ಸರ ಕಥೆ ಹೇಳುವ ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರವನ್ನು ಮೊಬೈಲಿನಲ್ಲಿ ಒಂದು ಗಂಟೆ ನೋಡಿ, ಬೇಸರವಾಗಿ ನಿಲ್ಲಿಸಿದಿರೆಂದೂ ಜನ ಇದನ್ನು ಇಷ್ಟೇಕೆ ಹೊಗಳುತ್ತಾರೆಂಬುದು ಅರ್ಥವಾಗಲಿಲ್ಲವೆಂದೂ ಬರೆದಿದ್ದೀರಿ. ಮೊದಲ ಸಲ ಮನೆಯ ಸಣ್ಣ ಟಿ.ವಿ.ಯಲ್ಲಿ ನೋಡಿದಾಗ ನನಗೂ ಹಾಗೆಯೇ ಆಗಿತ್ತು. ಆದರೆ ಆ ನಿಧಾನವೇ ಈ ಚಿತ್ರದ ಜೀವಾಳವೆಂದು ಈಗ ನಾನು ನಂಬಿದ್ದೇನೆ.

ನೀವು ಈಗಾಗಲೇ ನೋಡಿರುವ ಬಾವಿಯ ದೃಶ್ಯವನ್ನೇ ನೆನಪಿಸಿಕೊಳ್ಳಿ. ದಿಗಂತದಲ್ಲಿ ಕಪ್ಪು ಚುಕ್ಕಿಯೊಂದು ಕಾಣಿಸಿಕೊಂಡು, ಬಿಸಿಲಿನ ಝಳದಲ್ಲಿ ನೀರಿನಂತೆ ಅಲುಗಾಡುತ್ತ, ಬಹಳ ಹೊತ್ತಿನ ಬಳಿಕ ಒಂಟೆಯ ಮೇಲಿನ ಮನುಷ್ಯನಾಗುತ್ತದೆ. ಅಷ್ಟರಲ್ಲಿ ಗುಂಡು ಹಾರಿ ಲಾರೆನ್ಸನ ಮಾರ್ಗದರ್ಶಿ ಸತ್ತು ಬಿದ್ದಿರುತ್ತಾನೆ. ಮರೀಚಿಕೆಗೆ ಬಿಸಿಲ್ಗುದುರೆ ಎಂದು ಹೆಸರಿಟ್ಟ ಭಾಷೆಯವರಾದ ನಮಗೆ ಈ ದೃಶ್ಯ ಬೇಗ ಒಲಿಯಬೇಕು. ನಿರ್ದೇಶಕ ಡೇವಿಡ್ ಲೀನ್ ಅಲ್ಲಿ ಸಂಗೀತವನ್ನೇ ಬಳಸಿಲ್ಲ. ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಅದನ್ನು ದೂರದ್ದನ್ನು ಹತ್ತಿರಕ್ಕೆಳೆಯುವ 482 ಮಿ.ಮೀ. ಲೆನ್ಸಿನಲ್ಲಿ, 1962ರ ಭಾರಿ 70 ಎಂ.ಎಂ. ತೆರೆಗಾಗಿ ಸೆರೆಹಿಡಿದರು, ಅಂಗೈಯಗಲದ ಪರದೆಯಲ್ಲಿ ಆ ಚುಕ್ಕಿ ಕಾಣುವುದೇ ಇಲ್ಲ.

ನೀವು ನಿಲ್ಲಿಸಿದ ಜಾಗದ ಆಸುಪಾಸಿನಲ್ಲಿಯೇ ನೆಫೂದ್ ಮರುಭೂಮಿಯನ್ನು ದಾಟುವ ಪ್ರಯಾಣವಿದೆ. ರಾತ್ರಿಯ ನಡೆಯಲ್ಲಿ ಒಂಟೆಯಿಂದ ಬಿದ್ದು ಹಿಂದುಳಿದ ಗಾಸಿಂ ಬೆಳಗಿನ ಬಿಸಿಲು ಏರುತ್ತಿದ್ದಂತೆ ಒಂಟಿಯಾಗಿ ಕಾಲೆಳೆಯುತ್ತ ನಡೆಯುತ್ತಾನೆ. ಆ ಪಾತ್ರ ಮಾಡಿದವರು ಹಿಂದಿ ಚಿತ್ರರಂಗದ ಐ.ಎಸ್. ಜೋಹರ್. ಅವನ ಆಯಸ್ಸು ಮುಗಿಯಿತೆಂದು ಎಲ್ಲರೂ ಕೈಬಿಟ್ಟರೂ ಲಾರೆನ್ಸ್ ಹಿಂದಿರುಗಿ ಹೋಗಿ ಕರೆತರುತ್ತಾನೆ. ಮುಂದೆ, ತುರ್ಕರ ವಶದಲ್ಲಿದ್ದ ಬಂದರು ಪಟ್ಟಣ ಅಕಾಬಾದ ಮೇಲೆ ದಾಳಿ ಮಾಡುವ ಹಿಂದಿನ ರಾತ್ರಿ, ಇನ್ನೊಂದು ಬುಡಕಟ್ಟಿನವನನ್ನು ಕೊಲೆ ಮಾಡಿದ ಅದೇ ಗಾಸಿಂನನ್ನು, ಎರಡು ಬುಡಕಟ್ಟುಗಳ ನಡುವೆ ರಕ್ತಪಾತವಾಗದಿರಲೆಂದು, ಲಾರೆನ್ಸ್ ತಾನೇ ಗುಂಡಿಟ್ಟು ಕೊಲ್ಲಬೇಕಾಗುತ್ತದೆ. ಆ ಉರಿಬಿಸಿಲಿನ ದೂರವನ್ನು ಅವನೊಂದಿಗೆ ನಾವೂ ಕ್ರಮಿಸಿರದಿದ್ದರೆ ಆ ಸಾವು ನಮ್ಮನ್ನು ಅಷ್ಟು ಕಲಕುತ್ತಿರಲಿಲ್ಲ.

ಇತಿಹಾಸವೆಂದು ಮಾತ್ರ ಇದನ್ನು ನೋಡಬೇಡಿ. ನಿಜವಾದ ಲಾರೆನ್ಸ್ ಕುಳ್ಳಗಿದ್ದರು, ಆ ಪಾತ್ರ ಮಾಡಿದ ಪೀಟರ್ ಓಟೂಲ್ ಆರಡಿ ಮೀರಿದ ಆಳು. ಬಾವಿಯ ಬಳಿಗೆ ಒಂಟೆಯೇರಿ ಬರುವ ಷರೀಫ್ ಅಲಿಯ ಪಾತ್ರವೂ ಬಹುಮಟ್ಟಿಗೆ ಕಲ್ಪಿತವೇ.

ಚಿತ್ರಮಂದಿರದಲ್ಲಿ ಮರುಪ್ರದರ್ಶನ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ರಜೆಯ ದಿನ ಮನೆಯ ದೊಡ್ಡ ಟಿ.ವಿ.ಯಲ್ಲಿ, ಕೋಣೆ ಕತ್ತಲು ಮಾಡಿಕೊಂಡು, ಬಾವಿಯ ದೃಶ್ಯದಿಂದಲೇ ಮತ್ತೆ ಆರಂಭಿಸಿ. ಮಧ್ಯಂತರದವರೆಗೆ ಎದ್ದೇಳದೆ ನೋಡಿ.