ಇನ್ನೂ ಬರೆಯದ ಕಾದಂಬರಿಗೆ ಮೊದಲೇ ಹೆಸರಿಡಬಹುದಾ?

"ಐದು ಕಾದಂಬರಿ ಬರೆಯುವ ಆಸೆ ಇದೆ. ಒಂದು ಸಾಲೂ ಬರೆದಿಲ್ಲ, ಹೆಸರು ಮಾತ್ರ ರೆಡಿ. ಇದು ತಪ್ಪಾ? ಒಳ್ಳೆ ಹೆಸರು ಆರಿಸೋದು ಹೇಗೆ?" ಅಂತ ಕೇಳಿದ್ದೀರಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ಯಾರಾದರೂ ನಕ್ಕರೆ ನಗಲಿ ಬಿಡಿ. ನನ್ನ ಹತ್ತಿರವೂ ಅಂಥದ್ದೊಂದು ನೋಟ್‌ಬುಕ್ ಇದೆ. ಅದರಲ್ಲಿ ಹದಿನೇಳು ಹೆಸರಿವೆ. ಬರೆದು ಮುಗಿಸಿದ್ದು ಒಂದೇ ಕಾದಂಬರಿ, ಅದರ ಹೆಸರು ಆ ಹದಿನೇಳರಲ್ಲಿ ಇಲ್ಲ.

ಮಲೆನಾಡಿನ ಒಂದು ತೋಟದ ಮನೆ, ಇಬ್ಬರು ಅಣ್ಣತಮ್ಮಂದಿರು ಹಿಸ್ಸೆ ಆಗುವ ಕಥೆ. ನೋಟ್‌ಬುಕ್ಕಿನಿಂದ ‘ಬಿರುಕಿನ ಬೆಳಕು’ ಅನ್ನೋ ಹೆಸರು ಎತ್ತಿ ಮೊದಲ ಪುಟದ ನೆತ್ತಿಯ ಮೇಲೆ ಬರೆದೆ. ಅಲ್ಲಿಗೆ ಕೆಟ್ಟಿತು. ಹೆಸರಿಗೆ ತಕ್ಕ ಹಾಗೆ ಎಲ್ಲರೂ ಭಾರವಾಗಿ ಮಾತಾಡತೊಡಗಿದರು. ಅಡಿಕೆ ಸುಲಿಯೋಕೆ ಬಂದವಳೂ ವೇದಾಂತ ಹೇಳುತ್ತಿದ್ದಳು! ಎಪ್ಪತ್ತು ಪುಟ ದಾಟಿದ ಮೇಲೆ ಹಿಸ್ಸೆ ಪಂಚಾಯ್ತಿ ಬಂತು. ತೋಟ, ಗದ್ದೆ, ಪಾತ್ರೆ, ಎಮ್ಮೆ ಎಲ್ಲ ಹಂಚಿ ಆಯಿತು. ಉಳಿದದ್ದು ಬಚ್ಚಲಮನೆಯ ತಾಮ್ರದ ಹಂಡೆ. ಒಲೆಗೆ ಮಣ್ಣು ಮೆತ್ತಿ ಕೂರಿಸಿದ್ದು, ಕೀಳಬೇಕಾದರೆ ಒಲೆಯನ್ನೇ ಒಡೆಯಬೇಕು. ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಹಂಡೆ ಯಾರ ಪಾಲಿಗಾದ್ರೂ ಬರ್ಲಿ. ನಾಳೆ ಬೆಳಗ್ಗೆ ಉರಿ ಹಾಕೋರು ಯಾರು, ಅದು ಹೇಳಿ" ಅಂದಳು. ಅವಳು ಹೀಗೆ ಅನ್ನುತ್ತಾಳೆ ಅಂತ ಬರೆಯೋ ತನಕ ನನಗೂ ಗೊತ್ತಿರಲಿಲ್ಲ. ಹಳೆ ಹೆಸರು ಹೊಡೆದುಹಾಕಿ ‘ಬಚ್ಚಲ ಹಂಡೆ’ ಅಂತ ಬರೆದೆ. ವೇದಾಂತದ ಪುಟಗಳನ್ನೂ ಹರಿದೆ.

ಹಾಗಾಗಿ ಮೊದಲೇ ಹೆಸರಿಡಿ, ತಪ್ಪೇನಿಲ್ಲ. ಆದರೆ ಅದು ಮನೆಯಲ್ಲಿ ಪುಟ್ಟಿ, ಚಿನ್ನು ಅಂತ ಕರೆಯುವ ಹೆಸರಿನ ಹಾಗಿರಲಿ. ಸ್ಕೂಲಿಗೆ ಸೇರಿಸುವಾಗ ಬೇರೆ ಬರೆಸಿದರಾಯ್ತು.

ಆ ಇನ್ನೊಂದು ಹೆಸರು ಎಲ್ಲಿ ಸಿಗುತ್ತೆ? ಜಾಸ್ತಿ ಸಲ ಕಥೆಯೊಳಗೇ ಬಿದ್ದಿರುತ್ತದೆ. ಕಾರಂತರ ‘ಚೋಮನ ದುಡಿ’ ನೋಡಿ, 1933ರದ್ದು. ಚೋಮನಿಗೆ ಬೇಕಾಗಿದ್ದು ಉಳೋಕೆ ಒಂದು ತುಂಡು ಭೂಮಿ. ಅದು ಸಿಗುವುದಿಲ್ಲ. ಅವನದು ಅಂತ ಇರೋದು ದುಡಿ. ಸಿಟ್ಟು, ಸಂಕಟ ಎಲ್ಲವನ್ನೂ ಅದರ ಮೇಲೆ ಬಡಿಯುತ್ತಾನೆ. ‘ಚೋಮನ ಬಾಳು’ ಅಂತ ಇಟ್ಟಿದ್ದರೆ ಆ ಸದ್ದು ನಮಗೆ ಕೇಳುತ್ತಿತ್ತಾ? ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಒಂದು ಹೆಣದ ಸಂಸ್ಕಾರ ಮಾಡೋರು ಯಾರು ಅನ್ನುವುದರಿಂದ ಶುರುವಾಗಿ, ಸಂಸ್ಕಾರವಂತ ಅಂದರೆ ಯಾರು ಅನ್ನೋ ತನಕ ಆ ಒಂದೇ ಪದ ಎಳೆದುಕೊಂಡು ಹೋಗುತ್ತದೆ. ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದಾಗಲೂ ಅದನ್ನು ಮುಟ್ಟದೆ ಹಾಗೇ ಬಿಟ್ಟರು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅಂತೂ ನಿಘಂಟಿನಲ್ಲೇ ಇಲ್ಲದ ಮಾತು. ಸಿಕ್ಕುಸಿಕ್ಕಾದದ್ದಕ್ಕೆ ಆ ಕಾದಂಬರಿಯ ಒಂದು ಮನೆಯವರು ಕಟ್ಟಿಕೊಂಡದ್ದು. ಓದದವರಿಗೆ ಬರೀ ಶಬ್ದ. ನನಗೆ ಹೊಟ್ಟೆಕಿಚ್ಚು ಬರಿಸಿದ ಹೆಸರು ಅದೊಂದೇ.

ಹಳಬರು ಇಷ್ಟೆಲ್ಲ ಗುಟ್ಟು ಇಟ್ಟುಕೊಳ್ಳುತ್ತಿರಲಿಲ್ಲ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ಕಾದಂಬರಿಯ ಪೂರ್ತಿ ಹೆಸರು ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯ’. ಯಾರ ಕಥೆ, ಕೊನೆಗೆ ಗೆಲ್ಲೋದು ಯಾವುದು, ಎರಡೂ ಹೆಸರಲ್ಲೇ ಹೇಳಿಬಿಟ್ಟರು. ಈಗ ಹಾಗೆ ಮಾಡಿದರೆ ಸ್ಪಾಯ್ಲರ್ ಅಂತ ಬೈತಾರೆ.

ನಾನು ಮಾಡುವ ಪರೀಕ್ಷೆ ಒಂದಿದೆ. ಅಡುಗೆಮನೆಯಲ್ಲಿ ಮಿಕ್ಸಿ ಓಡುವಾಗ ಹೊರಗಿನಿಂದ ತಂಗಿಗೆ ಹೆಸರು ಕೂಗಿ ಹೇಳುತ್ತೇನೆ. ‘ಬಿರುಕಿನ ಬೆಳಕು’ ಅಂದಾಗ "ಹುರುಳಿ ಮೊಳಕೇನಾ? ಇನ್ನೂ ನೆನೆಸಿಲ್ಲ" ಅಂದಿದ್ದಳು. ‘ಬಚ್ಚಲ ಹಂಡೆ’ಗೆ "ಏನಾಯ್ತು, ಸೋರ್ತಿದ್ಯಾ?" ಅಂದಳು. ಪಾಸ್.

ಅದೇ ಹೆಸರಲ್ಲಿ ಬೇರೆ ಪುಸ್ತಕ ಇದ್ದರೆ? ಬರೀ ಶೀರ್ಷಿಕೆಗೆ ಕಾಪಿರೈಟ್ ಸಿಗುವುದಿಲ್ಲ ಅಂತ ‘ದೇಸಿ ಬಾಯ್ಸ್’ ಸಿನಿಮಾದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಆದರೂ ಒಮ್ಮೆ ನೆಟ್‌ನಲ್ಲಿ ಹುಡುಕಿ. ಅಂಗಡಿಗೆ ಹೋದವರು ನಿಮ್ಮದು ಬಿಟ್ಟು ಇನ್ನೊಬ್ಬರದ್ದು ತಂದರೆ ನಷ್ಟ ನಿಮಗೇ ಅಲ್ವಾ?

ನಿಮ್ಮ ಐದರಲ್ಲಿ ‘ನೀಲಿ ಮೌನ’, ‘ಅಂತರಂಗದ ಅಲೆ’ ಥರದ ನಾಲ್ಕು ಹೆಸರು ಯಾರ ಕಾದಂಬರಿಗೆ ಬೇಕಾದರೂ ಅಂಟಿಸಬಹುದು. ಬೇಜಾರಾಗಬೇಡಿ, ನನ್ನ ಹದಿನೇಳೂ ಅದೇ ಜಾತಿ. ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಲ್ಲ, ‘ದೊಡ್ಡಪ್ಪನ ಲೂನಾ’, ಅದನ್ನು ಮೊದಲು ಬರೆಯಿರಿ. ಪೆಡಲ್ ತುಳಿದು ತುಳಿದು ಸ್ಟಾರ್ಟ್ ಆಗದೆ ದೊಡ್ಡಪ್ಪ ಏದುಸಿರು ಬಿಡುತ್ತಾ ನಿಂತಿರುವಾಗ ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದರು?